ಎರೆ ಮಣ್ಣಿನ ಮೈದಾನದಲ್ಲಿ ಸ್ಟಾರ್ಟಿಂಗ್ ಬ್ಲಾಕ್: ಮೂರು ವರ್ಷ ಬಳಸಿದ ಮೇಲೆ

ಹುಬ್ಬಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಪಿ.ಇ. ಟೀಚರ್. ಮೂರು ವರ್ಷದ ಹಿಂದೆ ಶಾಲೆಗೆ ಒಂದು ಅಲ್ಯೂಮಿನಿಯಂ ಸ್ಟಾರ್ಟಿಂಗ್ ಬ್ಲಾಕ್ ತರಿಸಿದೆವು. ಓಟ ಶುರುಮಾಡುವಾಗ ಪಾದ ಊರಿ ಒದೆಯಲು ನೆಲಕ್ಕೆ ಮೊಳೆ ಹೊಡೆದು ಕೂರಿಸುವ ಸಾಧನ ಅದು. ಬೆಲೆ ಮೂರು ಸಾವಿರದ ಆಸುಪಾಸು. ಅರ್ಧ ದುಡ್ಡು ನಾನು ಹಾಕಿದೆ, ಉಳಿದದ್ದನ್ನು ಹಳೆಯ ವಿದ್ಯಾರ್ಥಿಗಳು ಕೊಟ್ಟರು. ಅಂದಿನಿಂದ 100, 200, 400 ಮೀಟರ್ ಓಡುವ ಮಕ್ಕಳು ವಾರಕ್ಕೆ ಎರಡು ಸಲ ಅದರ ಮೇಲೆ ಅಭ್ಯಾಸ ಮಾಡುತ್ತಿದ್ದಾರೆ. ಬಿಸಿಲು, ಧೂಳು, ಮಳೆ ಎಲ್ಲವನ್ನೂ ಆ ಬ್ಲಾಕ್ ಕಂಡಿದೆ. ನನ್ನ ಲೆಕ್ಕದಲ್ಲಿ 5ಕ್ಕೆ 4 ಅಂಕ. ಕಡಿಮೆಯಾದ ಒಂದು ಅಂಕ ಪೂರ್ತಿ ಮೊಳೆಗಳದ್ದು.

ನಮ್ಮಂಥ ಶಾಲೆಗೆ ಬ್ಲಾಕ್ ಯಾಕೆ ಬೇಕು ಅಂತ ಬಹಳ ಜನ ಕೇಳಿದ್ದಾರೆ. ಕಾರಣ ಇದು. ಹೋಬಳಿ, ತಾಲ್ಲೂಕು ಮಟ್ಟದಲ್ಲಿ ಎಷ್ಟೋ ಸಲ ಬ್ಲಾಕ್ ಇರುವುದೇ ಇಲ್ಲ. ಮಕ್ಕಳು ಸುಣ್ಣದ ಗೆರೆಯ ಹಿಂದೆ ನಿಂತು ಓಡುತ್ತಾರೆ, ಗೆಲ್ಲುತ್ತಾರೆ. ಆಮೇಲೆ ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣಕ್ಕೆ ಹೋದಾಗ ಎದುರಿಗೆ ಬ್ಲಾಕ್ ಇರುತ್ತದೆ. ಯಾವ ಕಾಲು ಮುಂದೆ ಇಡಬೇಕು ಗೊತ್ತಿಲ್ಲ. ಪಾದ ಊರುವ ಪೆಡಲ್ ಎಲ್ಲಿ ಸಿಗಿಸಬೇಕು ಗೊತ್ತಿಲ್ಲ. ಪಕ್ಕದ ಲೇನ್‌ನ ಮಗು ಪಾದ ಅಳೆದು, ಎರಡು ಸಲ ಒದ್ದು ನೋಡಿ, ಸಿದ್ಧವಾಗಿ ನಿಂತಿರುತ್ತದೆ. ನಮ್ಮ ಮಗು ಅದನ್ನು ನೋಡಿಯೇ ಅರ್ಧ ಕುಗ್ಗುತ್ತದೆ. ವರ್ಷವಿಡೀ ಬೆಳಗ್ಗೆ ಎದ್ದು ಓಡಿದ ಮಗು ಮೊದಲ ಹೆಜ್ಜೆಯಲ್ಲೇ ಸೋಲಬಾರದು. ನಾನು ದುಡ್ಡು ಹಾಕಿದ್ದು ಇಷ್ಟಕ್ಕೇ.

ಬ್ಲಾಕ್ ಇಲ್ಲದಿದ್ದರೆ ಓಡೋಕೆ ಆಗಲ್ಲ ಅಂತಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಓಟಗಾರ ಜೆಸ್ಸಿ ಓವೆನ್ಸ್ ಸಣ್ಣ ಕರಣೆಯಿಂದ ಟ್ರ್ಯಾಕ್‌ನಲ್ಲಿ ಕುಳಿ ತೋಡಿ, ಅದರಲ್ಲಿ ಪಾದ ಊರಿ ಹೊರಟಿದ್ದರು. ಒಲಿಂಪಿಕ್ಸ್‌ಗೆ ಬ್ಲಾಕ್ ಬಂದದ್ದು 1948ರಲ್ಲಿ, ಲಂಡನ್‌ನಲ್ಲಿ. ನಮ್ಮಲ್ಲೂ ಮೊದಲು ಹಿಮ್ಮಡಿಯಿಂದ ಕುಳಿ ತೋಡಿಸುತ್ತಿದ್ದೆ. ಆದರೆ ಸಂಜೆ ಅದೇ ಮೈದಾನದಲ್ಲಿ ಊರ ಹುಡುಗರು ಕ್ರಿಕೆಟ್ ಆಡುತ್ತಾರೆ. ಕುಳಿಯಲ್ಲಿ ಕಾಲು ಸಿಕ್ಕು ಯಾರಾದರೂ ಬಿದ್ದರೆ ಎಂಬ ಚಿಂತೆ ಇದ್ದೇ ಇತ್ತು.

ಈಗ ಮೊಳೆಗಳ ವಿಷಯಕ್ಕೆ ಬರುತ್ತೇನೆ. ಪೆಟ್ಟಿಗೆಯಲ್ಲಿ ಬಂದವು ಗಿಡ್ಡ ಮೊಳೆಗಳು. ಸಿಂಥೆಟಿಕ್ ಟ್ರ್ಯಾಕ್‌ಗೆ ಅಷ್ಟು ಸಾಕು. ನಮ್ಮ ಕಡೆ ಎರೆ ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಯಲ್ಲಿ ಅಂಟುತ್ತದೆ. ಮೊದಲ ವಾರವೇ ಜೋರಾಗಿ ಒದೆಯುವ ಹುಡುಗರು ಬ್ಲಾಕನ್ನು ಬುಡಸಮೇತ ಕಿತ್ತರು. ಜಾರುವ ಬ್ಲಾಕ್ ಅಪಾಯ. ಒಮ್ಮೆ ಜಾರಿತು ಅಂದರೆ ಆ ಮಗು ಮತ್ತೆ ಪೂರ್ತಿ ಬಲ ಹಾಕಿ ಒದೆಯುವುದೇ ಇಲ್ಲ, ಮನಸ್ಸಿನಲ್ಲಿ ಅಳುಕು ಉಳಿದುಬಿಡುತ್ತದೆ. ಮಾರಿದವರಿಗೆ ಉದ್ದದ ಮೊಳೆ ಕೇಳಿ ಮೆಸೇಜ್ ಮಾಡಿದೆ, ಉತ್ತರ ಬರಲಿಲ್ಲ. ಕೊನೆಗೆ ಗೋಕುಲ ರೋಡಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ರಾಡ್ ಕತ್ತರಿಸಿ ಎಂಟು ಇಂಚಿನ ಮೊಳೆ ಮಾಡಿಸಿದೆ. ತಲೆಗೆ ಅಗಲವಾದ ವಾಷರ್ ಬೆಸೆಸಿದೆ, ಇಲ್ಲದಿದ್ದರೆ ಕೀಳುವಾಗ ಕಷ್ಟ. ಮೈದಾನದ ಒಂದು ಮೂಲೆಗೆ ಎರಡು ಟ್ರ್ಯಾಕ್ಟರ್ ಗರಸು ಹಾಕಿಸಿ, ನೀರು ಹೊಡೆದು, ರೋಲರ್ ಎಳೆಸಿದೆವು. ಆ ಜಾಗದಲ್ಲಿ ಬ್ಲಾಕ್ ಅಲುಗಾಡುವುದಿಲ್ಲ. ನೆಲ ಸ್ವಲ್ಪ ಮೆತ್ತಗಿದ್ದರೆ ಮತ್ತೊಬ್ಬರು ಹಿಂದಿನಿಂದ ಬ್ಲಾಕನ್ನು ಪಾದದಿಂದ ಒತ್ತಿ ಹಿಡಿಯಬೇಕು.

ಉಳಿದ ಭಾಗಗಳು ಪರವಾಗಿಲ್ಲ. ನಡುವಿನ ಪಟ್ಟಿ ಬಾಗಿಲ್ಲ, ತುಕ್ಕೂ ಹಿಡಿದಿಲ್ಲ. ಪೆಡಲ್‌ನ ರಬ್ಬರ್ ಎರಡನೇ ಬೇಸಿಗೆಯಲ್ಲಿ ಎದ್ದು ಬಂತು, ಚಪ್ಪಲಿ ರಿಪೇರಿ ಮಾಡುವವರ ಹತ್ತಿರ ಅಂಟಿಸಿ ಹೊಲಿಸಿದೆ, ಇನ್ನೂ ಗಟ್ಟಿಯಾಗಿದೆ. ಪೆಡಲ್ ಸಿಗಿಸಲು ಪಟ್ಟಿಯ ಮೇಲಿರುವ ಹಲ್ಲುಗಳ ನಡುವಿನ ಅಂತರ ಜಾಸ್ತಿ ಆಯಿತು ಅನಿಸುತ್ತದೆ. ಸಣ್ಣ ಪಾದದ ಎಂಟನೇ ಕ್ಲಾಸಿನ ಮಕ್ಕಳಿಗೆ ಒಂದು ಹಲ್ಲು ಮುಂದಾದರೆ ಇಕ್ಕಟ್ಟು, ಒಂದು ಹಲ್ಲು ಹಿಂದಾದರೆ ದೂರ. ಅಂಥ ವೇಳೆ ಪೂರ್ತಿ ಬ್ಲಾಕನ್ನೇ ಗೆರೆಯಿಂದ ಒಂದೆರಡು ಬೆರಳು ಸರಿಸಿ ಹೊಂದಿಸುತ್ತೇನೆ.

ಹೊಂದಿಸುವ ಕ್ರಮವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಪೆಟ್ಟಿಗೆಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಮಗುವಿನ ಸ್ವಂತ ಪಾದವೇ ಅಳತೆ. ಗೆರೆಯಿಂದ ಎರಡು ಪಾದ ಹಿಂದೆ ಮುಂದಿನ ಪೆಡಲ್, ಮೂರು ಪಾದ ಹಿಂದೆ ಹಿಂದಿನ ಪೆಡಲ್. ಇದು ಶುರುವಿಗೆ. ಆಮೇಲೆ ಕಾಲಿನ ಉದ್ದ ನೋಡಿ ಬದಲಿಸಬೇಕು. ಹೊರಡುವ ಸದ್ದಿಗೆ ಸ್ವಲ್ಪ ಮೊದಲು ‘ಸೆಟ್’ ಅಂದಾಗ ಸೊಂಟ ಭುಜಕ್ಕಿಂತ ಸ್ವಲ್ಪ ಮೇಲೆ ಇರಬೇಕು. ಮುಂದಿನ ಮೊಣಕಾಲು ಹೆಚ್ಚುಕಡಿಮೆ 90 ಡಿಗ್ರಿ, ಹಿಂದಿನದು 120ರಿಂದ 130 ಡಿಗ್ರಿ. ಬೆರಳು ಗೆರೆಯನ್ನು ಮುಟ್ಟಬಾರದು, ಹಿಂದೆಯೇ ಇರಬೇಕು. ಯಾವ ಕಾಲು ಮುಂದೆ ಅನ್ನುವುದಕ್ಕೆ ಮಗುವನ್ನು ನೆಟ್ಟಗೆ ನಿಲ್ಲಿಸಿ ಹಿಂದಿನಿಂದ ಮೆಲ್ಲಗೆ ತಳ್ಳಿ ನೋಡಿ. ಬೀಳದಂತೆ ಯಾವ ಕಾಲು ಮೊದಲು ಮುಂದೆ ಬರುತ್ತದೋ ಅದನ್ನು ಹಿಂದಿನ ಪೆಡಲ್‌ಗೆ ಇಟ್ಟು ಶುರು ಮಾಡುತ್ತೇನೆ. ಬ್ಲಾಕ್‌ನಿಂದ ಮೊದಲು ಹೊರಡುವುದು ಹಿಂದಿನ ಕಾಲೇ. ಮಗುವಿಗೆ ಒಗ್ಗದಿದ್ದರೆ ಅದಲು ಬದಲು ಮಾಡಿದರಾಯಿತು.

ಹುಡುಗಿಯರ ವಿಷಯ ಬೇರೆಯೇ ಬರೆಯಬೇಕು. ‘ಸೆಟ್’ ಅಂದಾಗ ಸೊಂಟ ಎತ್ತಲು ಅವರು ನಾಚುತ್ತಾರೆ. ಹಿಂದೆ ಹುಡುಗರು ನಿಂತಿರುತ್ತಾರೆ, ಕಂಪೌಂಡ್ ಮೇಲೆ ಊರವರು ಕೂತಿರುತ್ತಾರೆ. ಸೊಂಟ ಕೆಳಗೇ ಉಳಿದರೆ ಮೊಣಕಾಲು ಜಾಸ್ತಿ ಮಡಚಿಕೊಂಡು ಒದೆತದಲ್ಲಿ ಬಲವೇ ಬರುವುದಿಲ್ಲ. ಇದನ್ನು ಬೈದು ಸರಿಮಾಡಲು ಆಗುವುದಿಲ್ಲ, ಬೈಯಲೂ ಬಾರದು. ನಾವು ಬ್ಲಾಕನ್ನು ಶಾಲೆಯ ಗೋಡೆಗೆ ಬೆನ್ನು ಮಾಡಿ ಇಟ್ಟೆವು, ಹಿಂದೆ ಯಾರೂ ನಿಲ್ಲಲು ಜಾಗವೇ ಇಲ್ಲ. ಎಲ್ಲರಿಗೂ ಟ್ರ್ಯಾಕ್ ಪ್ಯಾಂಟ್ ಮಾಡಿದೆವು. ಒಂದು ತಿಂಗಳಲ್ಲಿ ಸೊಂಟ ತಾನಾಗಿ ಮೇಲೆ ಬಂತು. ಹೆಣ್ಣುಮಕ್ಕಳಿಗೆ ಕಲಿಸುವವರು ಬ್ಲಾಕ್ ಎಲ್ಲಿಡಬೇಕು ಅನ್ನುವುದನ್ನು ಮೊದಲು ಯೋಚಿಸಿ ಅಂತ ನನ್ನ ಕಳಕಳಿಯ ಮಾತು.

ವೇಗ ಹೆಚ್ಚಾಯಿತಾ? ಶುರುವಿನಲ್ಲಿ ಇಲ್ಲ. ಮೊದಲ ಕೆಲವು ವಾರ ಬಹುತೇಕ ಮಕ್ಕಳು ಬ್ಲಾಕ್‌ನಿಂದ ನಿಧಾನವಾಗಿಯೇ ಹೊರಟರು. ಒಬ್ಬ ಹುಡುಗಿ ಅಳುವ ದನಿಯಲ್ಲಿ ಅಂದಳು: “ಟೀಚರ್, ನಿಂತು ಓಡಿದ್ರ ನಾ ಮುಂದ ಇರ್ತೇನ್ರೀ, ಇದರಾಗ ಹಿಂದ ಬೀಳಾಕತ್ತೇನಿ.” “ಇರ್ಲಿ ಬಿಡವ್ವಾ, ಇನ್ನೊಂದು ತಿಂಗಳು ತಡಿ” ಅಂದೆ. ಹಾಗೇ ಆಯಿತು. ಎರಡು ತಿಂಗಳ ಹೊತ್ತಿಗೆ ಹೆಚ್ಚಿನವರು 30 ಮೀಟರ್‌ನಲ್ಲಿ ಸೆಕೆಂಡಿನ ಒಂದೆರಡು ಹತ್ತನೇ ಭಾಗ ಇಳಿಸಿದ್ದರು. ಆ ವಯಸ್ಸಿನಲ್ಲಿ ಮಕ್ಕಳು ಬೆಳೆಯುತ್ತಲೂ ಇರುತ್ತಾರೆ, ಹಾಗಾಗಿ ಅದೆಲ್ಲವೂ ಬ್ಲಾಕ್‌ನಿಂದಲೇ ಅಂತ ನಾನು ಹೇಳಲ್ಲ.

ಸ್ಟಾಪ್‌ವಾಚ್ ಬಗ್ಗೆ ಒಂದು ಎಚ್ಚರಿಕೆ. ಕೈಯಿಂದ ಒತ್ತುವ ಸಮಯ ಎಲೆಕ್ಟ್ರಾನಿಕ್ ಸಮಯಕ್ಕಿಂತ ಕಡಿಮೆ ಬರುತ್ತದೆ. 100 ಮೀಟರ್‌ನಲ್ಲಿ ಹೋಲಿಸುವಾಗ 0.24 ಸೆಕೆಂಡ್ ಸೇರಿಸುವ ರೂಢಿ ಇದೆ. ಊರಲ್ಲಿ 12.5 ಓಡಿದವನು ಜಿಲ್ಲೆಯಲ್ಲಿ 12.8 ಬಂತು ಅಂತ ಅಳಬೇಕಿಲ್ಲ, ಅಲ್ವಾ? ನಾನು ಈಗ ಮೊಬೈಲ್‌ನ ಸ್ಲೋ ಮೋಷನ್ ವಿಡಿಯೋ ನೋಡುತ್ತೇನೆ. ಸೆಕೆಂಡಿಗೆ 240 ಫ್ರೇಮ್ ಇದ್ದರೆ ಒಂದು ಫ್ರೇಮ್ ಅಂದರೆ ಸುಮಾರು 0.004 ಸೆಕೆಂಡ್. ಸಮಯದ ಜೊತೆಗೆ ತಪ್ಪುಗಳೂ ಅದರಲ್ಲಿ ಕಾಣುತ್ತವೆ. ತಲೆ ತಟ್ಟನೆ ಮೇಲೆತ್ತುವುದು. ಮೊದಲ ಹೆಜ್ಜೆಯನ್ನು ಉದ್ದ ಹಾಕಿ ಪಾದ ದೇಹದ ಮುಂದೆ ಬೀಳುವುದು. ಒಂದೇ ಕಾಲಿನಿಂದ ಒದೆಯುವುದು. ಬಾಯಲ್ಲಿ ಎಷ್ಟು ಹೇಳಿದರೂ ತಿಳಿಯದ್ದು ತನ್ನದೇ ವಿಡಿಯೋ ನೋಡಿದ ಮಗುವಿಗೆ ಒಂದೇ ಸಲಕ್ಕೆ ತಿಳಿಯುತ್ತದೆ.

ನನಗೆ ಇದರಲ್ಲಿ ಅತಿ ಹೆಚ್ಚು ಇಷ್ಟವಾದದ್ದು ಬೇರೆ. ನಮ್ಮಲ್ಲಿ ಇರುವುದು ಒಂದೇ ಬ್ಲಾಕ್, ಓಡುವ ಮಕ್ಕಳು ಹತ್ತು ಹನ್ನೆರಡು. ಒಬ್ಬರು 30 ಮೀಟರ್ ಓಡಿ ಬಂದರೆ ಮತ್ತೆ ಸರದಿ ಬರಲು ಏಳೆಂಟು ನಿಮಿಷ ಬೇಕು. ಅದೇ ಒಳ್ಳೆಯದಾಯಿತು. ವೇಗದ ಅಭ್ಯಾಸಕ್ಕೆ ಪೂರ್ತಿ ವಿಶ್ರಾಂತಿ ಬೇಕೇ ಬೇಕು. 10 ಮೀಟರ್‌ಗೆ ಒಂದು ನಿಮಿಷ ಅನ್ನುವುದು ಕೋಚ್‌ಗಳ ಲೆಕ್ಕ. ಮೊದಲೆಲ್ಲ ಮಕ್ಕಳು ಏದುಸಿರು ಬಿಡುತ್ತಲೇ ಮತ್ತೆ ಮತ್ತೆ ಓಡುತ್ತಿದ್ದರು. ದಮ್ಮು ಬಂತು, ವೇಗ ಬರಲಿಲ್ಲ. ಈಗ ಒಬ್ಬೊಬ್ಬರಿಗೆ ದಿನಕ್ಕೆ ಐದಾರು ಸ್ಟಾರ್ಟ್ ಮಾತ್ರ, ಆದರೆ ಪ್ರತಿಯೊಂದೂ ಪೂರ್ತಿ ಬಲದ್ದು. ಕಾಯುವ ಮಕ್ಕಳು ಓಡುವವರನ್ನು ನೋಡುತ್ತಾರೆ, ತಪ್ಪು ಗುರುತಿಸುತ್ತಾರೆ. ದುಡ್ಡಿದ್ದರೂ ಎರಡನೇ ಬ್ಲಾಕ್ ಬೇಡ ಅನಿಸಿದೆ.

ಫಾಲ್ಸ್ ಸ್ಟಾರ್ಟ್, ಅಂದರೆ ಸದ್ದಿಗೆ ಮೊದಲೇ ಹೊರಡುವುದರ ಬಗ್ಗೆಯೂ ಮಕ್ಕಳಿಗೆ ಮೊದಲೇ ತಿಳಿಸಿ. ದೊಡ್ಡ ಕೂಟಗಳಲ್ಲಿ 2010ರಿಂದ ಒಂದೇ ತಪ್ಪಿಗೆ ಹೊರಗೆ. 2011ರಲ್ಲಿ ದಕ್ಷಿಣ ಕೊರಿಯಾದ ದೇಗುವಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಉಸೇನ್ ಬೋಲ್ಟ್‌ನನ್ನೇ ಹೊರಗೆ ಕಳಿಸಿದರು. ಸದ್ದಾದ 0.1 ಸೆಕೆಂಡಿನ ಒಳಗೆ ಹೊರಟರೂ ಅದು ತಪ್ಪೇ, ಯಾಕೆಂದರೆ ಕೇಳಿಸಿಕೊಂಡು ಅಷ್ಟು ಬೇಗ ಹೊರಡಲು ಸಾಧ್ಯವಿಲ್ಲ ಅನ್ನುವುದು ನಿಯಮದ ಆಧಾರ. ನಾನು ಮರದ ಕ್ಲ್ಯಾಪರ್ ಹೊಡೆಯುವಾಗ ‘ಸೆಟ್’ ಆದ ಮೇಲಿನ ಅಂತರವನ್ನು ಪ್ರತಿ ಸಲ ಬದಲಿಸುತ್ತೇನೆ. ಇಲ್ಲದಿದ್ದರೆ ಮಕ್ಕಳು ಸದ್ದಿಗೆ ಕಾಯದೆ ಊಹೆಯ ಮೇಲೆ ಹೊರಡುತ್ತಾರೆ. ಇನ್ನೊಂದು ಮಾತು: ಬರ್ಲಿನ್‌ನಲ್ಲಿ 2009ರಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದಾಗ ಬೋಲ್ಟ್ ಹೊರಡಲು ತೆಗೆದುಕೊಂಡದ್ದು 0.146 ಸೆಕೆಂಡ್. ಅದೇ ಫೈನಲ್‌ನಲ್ಲಿ ಅವನಿಗಿಂತ ಬೇಗ ಹೊರಟವರಿದ್ದರು. ತಡವಾಗಿ ಹೊರಟೆ ಅಂತ ಬೇಜಾರಾಗುವ ಮಕ್ಕಳಿಗೆ ಇದನ್ನು ಹೇಳುತ್ತೇನೆ, ಮುಖ ಅರಳುತ್ತದೆ.

ಬ್ಲಾಕ್ ಕಲಿಸುವುದು ಮೊದಲ ಹತ್ತಿಪ್ಪತ್ತು ಮೀಟರ್ ಅಷ್ಟೇ. ಆಮೇಲಿನ ಓಟಕ್ಕೆ ಬೇರೆ ಕೆಲಸ ಬೇಕು. ರಜೆಯಲ್ಲಿ ಮಕ್ಕಳನ್ನು ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ. ಏರಿನಲ್ಲಿ 20–30 ಮೀಟರ್ ಜೋರಾಗಿ ಓಡಿ, ನಡೆದು ಇಳಿಯುವುದು. ಏರಿನಲ್ಲಿ ಮೈ ತಾನಾಗಿ ಮುಂದೆ ಬಾಗುತ್ತದೆ, ಮೊಣಕಾಲು ಎತ್ತಲೇಬೇಕಾಗುತ್ತದೆ. ಬ್ಲಾಕ್ ಕಲಿಸುವ ಪಾಠವನ್ನೇ ಏರು ದುಡ್ಡಿಲ್ಲದೆ ಕಲಿಸುತ್ತದೆ. ಜೂನ್‌ನಿಂದ ಎರೆ ಮಣ್ಣು ಕೆಸರಾದಾಗ ನಾವು ಬ್ಲಾಕ್ ಒಳಗಿಟ್ಟು ವರಾಂಡದಲ್ಲಿ ಗೋಡೆಗೆ ಕೈಕೊಟ್ಟು ಮೊಣಕಾಲು ಎತ್ತುವ ಅಭ್ಯಾಸ, ಸ್ಕಿಪ್ಪಿಂಗ್ ಮಾಡುತ್ತೇವೆ.

ಹನ್ನೆರಡು, ಹದಿಮೂರರ ಮಕ್ಕಳಿಗೆ ಬ್ಲಾಕ್ ಜಾಸ್ತಿ ಬೇಡ. ಆ ವಯಸ್ಸಿನಲ್ಲಿ ಎಲುಬು ವೇಗವಾಗಿ ಬೆಳೆಯುತ್ತಿರುತ್ತದೆ. ಹಿಮ್ಮಡಿ ನೋವು, ಮೊಣಕಾಲ ಚಿಪ್ಪಿನ ಕೆಳಗೆ ನೋವು ಅಂದರೆ ಸುಮ್ನೆ ಬಿಡಬೇಡಿ, ಓಟ ಕಡಿಮೆ ಮಾಡಿಸಿ, ನೋವು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. “ಏನಾಗಲ್ಲ, ಓಡು” ಅನ್ನುವ ಮಾತು ನನಗೆ ಸರಿಬರುವುದಿಲ್ಲ.

ಕೊಳ್ಳುವಾಗ ಮೂರು ನೋಡಿ. ಪೆಡಲ್‌ನ ಕೋನ ಬದಲಿಸಲು ಬರಬೇಕು. ಪಿನ್ ಹಾಕಿದ ಮೇಲೆ ಪೆಡಲ್ ಅಲುಗಾಡಬಾರದು. ಪಟ್ಟಿಯ ತೂತುಗಳು ದಪ್ಪ ಮೊಳೆ ಹಿಡಿಯುವಷ್ಟು ದೊಡ್ಡದಿರಬೇಕು. ಪ್ಲಾಸ್ಟಿಕ್ ಪೆಡಲ್ ಇರುವ ಅಗ್ಗದ್ದು ಮಣ್ಣಿನ ಮೈದಾನಕ್ಕೆ ಬೇಡ. ಅಷ್ಟು ದುಡ್ಡು ಹೊಂದಿಸಲು ಆಗದಿದ್ದರೆ ಅಕ್ಕಪಕ್ಕದ ಎರಡು ಶಾಲೆ ಸೇರಿ ಒಂದು ತಗೊಳ್ಳಿ. ನಮ್ಮದನ್ನು ಈ ವರ್ಷ ಪಕ್ಕದ ಊರಿನ ಶಾಲೆಗೂ ವಾರಕ್ಕೊಂದು ದಿನ ಕೊಡುತ್ತಿದ್ದೇವೆ. ಅಭ್ಯಾಸ ಮುಗಿದ ಮೇಲೆ ಮೊಳೆಗಳನ್ನು ಎಣಿಸಿ ಡಬ್ಬಿಗೆ ಹಾಕುವುದನ್ನು ಮಾತ್ರ ಮರೆಯಬೇಡಿ. ಅದೇ ಮೈದಾನದಲ್ಲಿ ಬರಿಗಾಲಲ್ಲಿ ಆಡುವ ಚಿಕ್ಕ ಮಕ್ಕಳಿದ್ದಾರೆ.