ಕವಿತೆ ಹಂಚಲು: ಪಠ್ಯವೋ, ಚಿತ್ರವೋ, ಧ್ವನಿಯೋ?

ಮಾರ್ಚ್ 21, ವಿಶ್ವ ಕಾವ್ಯ ದಿನ. ಆನ್‌ಲೈನ್ ಬಳಗದಲ್ಲಿ ಕವಿತೆ ಹಾಕಲು ದಾರಿ ಮೂರು.

ಪಠ್ಯ: ಹುಡುಕಿದರೆ ಸಿಗುತ್ತದೆ, ತಪ್ಪು ತಿದ್ದಬಹುದು, ಓದುಗರು ಮೆಚ್ಚಿದ ಸಾಲನ್ನು ಎತ್ತಿ ಹೇಳಬಹುದು. ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಕನ್ನಡ ತೋರಿಸುವ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪಿಸಿದ್ದನ್ನು ಹಾಗೇ ಅಂಟಿಸಿದರೆ ಮಾತ್ರ ಕಲಸುಮೇಲೋಗರ. ಮೊದಲು ಎಲ್ಲ ಫೋನುಗಳಿಗೂ ಅರ್ಥವಾಗುವ ಯೂನಿಕೋಡ್‌ಗೆ ಪರಿವರ್ತಿಸಿ. ಇನ್‌ಸ್ಟಾಗ್ರಾಂ ಅಡಿಬರಹದ ಮಿತಿ 2,200 ಅಕ್ಷರ. ಒತ್ತು, ಗುಣಿತಕ್ಕೆಲ್ಲ ಬೇರೆ ಲೆಕ್ಕ: ‘ಸ್ತ್ರೀ’ ಒಂದೇ 6 ನುಂಗುತ್ತದೆ!

ಚಿತ್ರ: ಸಾಲು ಮುರಿಯದು, ಹನಿಗವನಕ್ಕೆ ಸೊಗಸು. ಹತ್ತು ಸಾಲು ದಾಟಿದರೆ ಮೊಬೈಲಿನಲ್ಲಿ ಒತ್ತಕ್ಷರ ಮಸುಕು. ಹೆಸರನ್ನು ಅಂಚಿನಲ್ಲಿ ಹಾಕಬೇಡಿ, ಯಾರಾದರೂ ಕತ್ತರಿಸಿ ಹಂಚುತ್ತಾರೆ. ಅಂಧ ಓದುಗರಿಗಾಗಿ ಪಠ್ಯವನ್ನೂ ಜೊತೆಗಿಡಿ.

ಧ್ವನಿ: ಷಟ್ಪದಿಯಂಥ ಲಯದ ಪದ್ಯಕ್ಕೆ ಇದೇ ಸರಿ. ಫ್ಯಾನ್ ಆರಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿಯಿರಿ. ಹತ್ತಿರವಾದರೆ ‘ಪ’, ‘ಭ’ಗಳಲ್ಲಿ ಉಸಿರು ಬಡಿಯುತ್ತದೆ.

ಒಂದನ್ನೇ ಆರಿಸುವುದಾದರೆ, ಪಠ್ಯ.