ವಿದೇಶದಿಂದ ರೇಸಿಂಗ್ ಹಾಯಿದೋಣಿ ತರಿಸುವವರೇ, ಎರಡನೇ ಕಂತು ತಡೆದಿಟ್ಟುಕೊಳ್ಳಿ

ಹಿರಿಯೂರಿನ ಮಾರಿಕಣಿವೆ ಜಲಾಶಯ 1933ರ ಬಳಿಕ 2022ರಲ್ಲಿ ಕೋಡಿ ಬಿತ್ತು. ಅಷ್ಟು ನೀರು ಕಂಡರೆ ಹಾಯಿದೋಣಿ ಬಿಡುವ ಆಸೆ ಯಾರಿಗಾದರೂ ಹುಟ್ಟೀತು. ಅಗ್ಗಕ್ಕೆ ಸಿಗುತ್ತದೆಂದು ಹೊರದೇಶದ ಕಾರ್ಖಾನೆಗೆ ಆರ್ಡರ್ ಕೊಡುವ ಮುನ್ನ, ಹಿರಿಯೂರಿಗೆ ಬಂದಿಳಿದ ಒಂದು ದೋಣಿಯ ಗತಿ ಓದಿಕೊಳ್ಳಿ.

ಚೀನಾದಿಂದ 'ಲೇಸರ್ ಮಾದರಿ' ರೇಸಿಂಗ್ ದೋಣಿ ಎಂದು ಮಾರಿದ್ದು. 4.2 ಮೀಟರ್ ಉದ್ದ, ಒಬ್ಬರೇ ನಡೆಸುವಂಥದ್ದು. ಆರ್ಡರ್ ಜೊತೆ ಶೇ 30, ಕಂಟೇನರ್‌ಗೆ ಹಾಕುವ ಮುನ್ನ ಉಳಿದ ಶೇ 70. ಬರೀ ಫೋಟೊ ನೋಡಿ ಎರಡನೇ ಕಂತು ಕಳಿಸಿದ್ದೇ ತಪ್ಪಾಯಿತು. ಚೆನ್ನೈ ಬಂದರಿನಿಂದ ಲಾರಿಯಲ್ಲಿ ಬಂದದ್ದನ್ನು ಮೆಕ್ಕೆಜೋಳದ ಚೀಲ ತೂಗುವ ಕಾಟಾ ಮೇಲಿಟ್ಟರೆ ಬರೀ ಹಲ್ (ದೋಣಿಯ ಒಡಲು) 67 ಕೆ.ಜಿ. ಇರಬೇಕಾದದ್ದು 59ರ ಆಸುಪಾಸು. ಗಾಜಿನ ನಾರನ್ನು ಹಿಡಿದಿಡುವ ಅಂಟುದ್ರವ ರೆಸಿನ್. ಹೆಚ್ಚಾದದ್ದನ್ನು ರೋಲರ್‌ನಿಂದ ಒತ್ತಿ ತೆಗೆಯದಿದ್ದರೆ ಹೀಗಾಗುತ್ತದೆ. ಬಲ ಕೊಡುವುದು ಗಾಜಿನ ನಾರು. ಮಿಕ್ಕ ರೆಸಿನ್ ಬರೀ ಭಾರ, ಮೇಲಾಗಿ ಬೇಗ ಬಿರುಕು ಬಿಡುತ್ತದೆ.

ಇದಕ್ಕಿಂತ ಅಪಾಯದ್ದು ಮಾಸ್ಟ್ (ಹಾಯಿ ಕಟ್ಟುವ ಕಂಬ) ಕೂರುವ ಕೊಳವೆ. ಅದಕ್ಕೆ ನೀರು ತುಂಬಿ ಗುರುತು ಹಾಕಿಟ್ಟರೆ ಅರ್ಧ ಗಂಟೆಯಲ್ಲಿ ಎರಡು ಬೆರಳಷ್ಟು ಇಳಿಯಿತು. ಆ ನೀರು ಸೇರಿದ್ದು ಹಲ್ ಒಳಕ್ಕೆ. ಈ ದೋಣಿಯ ಮಾಸ್ಟ್‌ಗೆ ಬಿಗಿಯುವ ತಂತಿಗಳೇ ಇರುವುದಿಲ್ಲ. ಹಾಯಿಯ ಎಳೆತವನ್ನೆಲ್ಲ ಕೊಳವೆಯ ಬುಡ ಮತ್ತು ಡೆಕ್ಕಿನ (ದೋಣಿಯ ಮೇಲ್ಹಾಸಿನ) ಅಂಚೇ ತಾಳಿಕೊಳ್ಳಬೇಕು. ಡೆಕ್ಕಿನಲ್ಲಿ ಕಿಂಡಿ ಕೊರೆದು ನೋಡಿದರೆ ಬುಡದ ಅಂಟು ಮುಂಭಾಗಕ್ಕೆ ಮಾತ್ರ ಹಿಡಿದಿತ್ತು. ಹಾಗೆಯೇ ನೀರಿಗಿಳಿಸಿದ್ದರೆ ಜೋರು ಗಾಳಿಗೆ ಮಾಸ್ಟ್ ಡೆಕ್ ಸೀಳಿಕೊಂಡು ಬರುತ್ತಿತ್ತು. ಒಳಗೆ ಪೂರ್ತಿ ಒಣಗಿಸಿ, ಹಳೆಯ ಅಂಟನ್ನು ಉಜ್ಜಿ ತೆಗೆದು, ಗಾಜಿನ ಬಟ್ಟೆ ಮೂರು ಪದರ ಹಾಕಿ ಕೂರಿಸಬೇಕಾಯಿತು. ಇಲ್ಲಿ ಎಪಾಕ್ಸಿ ರೆಸಿನ್ನೇ ಬೇಕು; ಗಟ್ಟಿಯಾದ ಹಳೆಯ ಫೈಬರ್ ಮೇಲೆ ಪಾಲಿಯೆಸ್ಟರ್ ರೆಸಿನ್‌ನ ಹಿಡಿತ ಸಾಲದು.

ರಿಪೇರಿಯಾದರೂ ಅದು ಕ್ಲಾಸ್ ರೇಸಿಗೆ, ಅಂದರೆ ಒಂದೇ ಮಾದರಿಯ ದೋಣಿಗಳ ಸ್ಪರ್ಧೆಗೆ, ಬಾರದು. ಲೇಸರ್ ಎನ್ನುತ್ತಿದ್ದ ಈ ಕ್ಲಾಸಿನ ದೋಣಿಯ ಹೆಸರು 2019ರಿಂದ ಇಲ್ಕಾ. ಈ ಕ್ಲಾಸಿನ ಸಂಸ್ಥೆಯೂ ಹಾಯಿದೋಣಿ ಕ್ರೀಡೆಯ ಜಾಗತಿಕ ಸಂಸ್ಥೆ ವರ್ಲ್ಡ್ ಸೇಲಿಂಗೂ ಒಪ್ಪಿದ ತಯಾರಕರ ಹಲ್ ಆಗಿದ್ದು, ಕಾಕ್‌ಪಿಟ್ (ನಡೆಸುವವರು ಕಾಲಿಡುವ ತಗ್ಗು) ಹಿಂಭಾಗದಲ್ಲಿ ನಂಬರಿನ ಫಲಕ ಇದ್ದರೆ ಮಾತ್ರ ಮಾನ್ಯ. ಈ ದೋಣಿಗೆ ಫಲಕವೇ ಇರಲಿಲ್ಲ. 'ಚೀನಾ ಮಾಲು, ಅದಕ್ಕೇ ಹೀಗೆ' ಎನ್ನುವುದು ಸರಿಯಲ್ಲ. ಜಪಾನ್, ಆಸ್ಟ್ರೇಲಿಯಾದಂತೆ ಚೀನಾದಲ್ಲೂ ಮಾನ್ಯತೆ ಪಡೆದ ತಯಾರಕರಿದ್ದಾರೆ. ನೋಡಬೇಕಾದ್ದು ಫಲಕ.

ಬೆಲೆಯ ಲೆಕ್ಕವೂ ಮೋಸ ಮಾಡುತ್ತದೆ. ದೋಣಿಯ ದರಕ್ಕೆ ಹಡಗಿನ ಬಾಡಿಗೆ, ವಿಮೆ ಸೇರಿಸಿದ ಮೊತ್ತದ ಮೇಲೆ ಕಸ್ಟಮ್ಸ್ ಸುಂಕ, ಆ ಸುಂಕವೂ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ ತೆರಿಗೆ. ವಾರಂಟಿ ಇತ್ತು, ಆದರೆ ಕಾರ್ಖಾನೆಗೆ ವಾಪಸ್ ಕಳಿಸುವ ಖರ್ಚು ಕೊಂಡವರದೇ.

ಆದ್ದರಿಂದ ಎರಡನೇ ಕಂತಿಗೆ ಮುಂಚೆಯೇ ಕೇಳಿ: ತೂಕದ ಯಂತ್ರ ಸೊನ್ನೆ ತೋರಿಸುವುದರಿಂದ ಶುರುವಾಗುವ, ನಡುವೆ ಕತ್ತರಿಸದ ವಿಡಿಯೊ, ಪೂರ್ತಿ ಅರ್ಧ ಗಂಟೆ ನಡೆಸಿದ ಕೊಳವೆಯ ನೀರಿನ ಪರೀಕ್ಷೆ, ಫಲಕದ ನಂಬರ್. ಆ ನಂಬರನ್ನು ಏಜೆಂಟರ ಬಳಿಯಲ್ಲ, ಕ್ಲಾಸ್ ಸಂಸ್ಥೆಯಲ್ಲೇ ವಿಚಾರಿಸಿ. ದೊಡ್ಡ ಮೊತ್ತವಾದರೆ ಬ್ಯಾಂಕಿನ ಎಲ್.ಸಿ. (ದಾಖಲೆ ನೋಡಿ ಮಾರಾಟಗಾರರಿಗೆ ಹಣ ಕೊಡುವ ಭರವಸೆಪತ್ರ) ಮೂಲಕ ಹೋಗಿ, ಮೂರನೆಯವರ ತಪಾಸಣಾ ಪತ್ರವನ್ನೂ ದಾಖಲೆಪಟ್ಟಿಯಲ್ಲಿ ಸೇರಿಸಿ. ಆ ಪತ್ರ ಕೈಸೇರದೆ ಬ್ಯಾಂಕು ಹಣ ಬಿಡುವುದಿಲ್ಲ.

ಒಳ್ಳೆಯ ದೋಣಿಯೇ ಬಂದರೂ ಚಿತ್ರದುರ್ಗದ ಬಿಸಿಲಲ್ಲಿ ಹಿಂಬದಿಯ ಬಿರಡೆ ಮುಚ್ಚಿಡಬೇಡಿ. ಒಳಗಿನ ಗಾಳಿ ಕಾದು ಹಿಗ್ಗಿ, ಡೆಕ್ ಮತ್ತು ಹಲ್ ಸೇರುವ ಕಡೆಯ ಅಂಟನ್ನು ಬಿಡಿಸುತ್ತದೆ. ನೀರಿಗಿಳಿಸುವಾಗ ಮಾತ್ರ ಬಿಗಿಯಿರಿ.