ಸಂಗೀತ ಕಛೇರಿ ಕೇಳಿ ಬಂದವರಿಗೆ ಬಿಸಿ ಕಡುಬು: ದುರ್ಗಿಗುಡಿಯ ಮಲೆನಾಡು ಹೋಟೆಲ್

ಗಂಡ ಹೆಂಡತಿ ಇಬ್ಬರೂ ಕೆಲಸದ ಮೇಲೆ ಒಂದು ವಾರ ಶಿವಮೊಗ್ಗದಲ್ಲಿದ್ದು, ಸಂಜೆ ಕುವೆಂಪು ರಂಗಮಂದಿರದಲ್ಲಿ ಸಂಗೀತ ಕೇಳುವ ಆಸೆಯೂ ಇದ್ದರೆ, ಊಟಕ್ಕೆ ದುರ್ಗಿಗುಡಿಯ ಒಳರಸ್ತೆಯ ಈ ಪುಟ್ಟ ಹೋಟೆಲ್ ಹೇಳಿ ಮಾಡಿಸಿದ ಜಾಗ.

ಕಡುಬು ತಿನ್ನಲೇಬೇಕು. ಒಂದು ಲೋಟ ಅಕ್ಕಿತರಿಗೆ ಎರಡು ಲೋಟ ನೀರು, ಉಪ್ಪು. ಗಟ್ಟಿಯಾಗುವವರೆಗೆ ಮಗುಚಿ, ಬಿಸಿಯಿರುವಾಗಲೇ ಉಂಡೆ ಕಟ್ಟಿ, 20 ನಿಮಿಷ ಹಬೆಯಲ್ಲಿ ಬೇಯಿಸುತ್ತಾರೆ. ಆರಿದ ಮೇಲೆ ಕಟ್ಟಿದರೆ ಉಂಡೆ ಬಿರಿಯುತ್ತದೆ, ನೀರು ಹೆಚ್ಚಾದರೆ ಅಂಟಂಟು. ಇಲ್ಲಿಯದು ಬೆರಳಲ್ಲಿ ಮುರಿದರೆ ತರಿತರಿಯಾಗಿ ಬಿಡಿಸಿಕೊಳ್ಳುತ್ತದೆ, ಕೈಗೆ ಮೆತ್ತುವುದಿಲ್ಲ. ಕಾಯಿಚಟ್ನಿಗೆ ಒಗ್ಗರಣೆ ಆಗಷ್ಟೇ ಬಿದ್ದಿರುತ್ತದೆ.

ಮಳೆಗಾಲವಾದರೆ ಕೆಸುವಿನೆಲೆಗೆ ಹಿಟ್ಟು ಸವರಿ ಬೇಯಿಸುವ ಪತ್ರೊಡೆ, ಕಳಲೆ (ಎಳೆ ಬಿದಿರು) ಪಲ್ಯ ಬಿಡಬೇಡಿ. ಕೆಸುವಿನೆಲೆಯ ಆಕ್ಸಲೇಟ್ ಹರಳುಗಳಿಂದ ಗಂಟಲು ಕೆರೆಯುತ್ತದೆ. ಅದಕ್ಕೇ ಹಿಟ್ಟಿಗೆ ಹುಣಸೆಹುಳಿ ಧಾರಾಳವಾಗಿರಬೇಕು, ಬೇಯಿಸುವುದರಲ್ಲಿ ಅವಸರ ಕೂಡದು. ಇಲ್ಲಿ ತುರಿಕೆಯ ಸುಳಿವಿಲ್ಲ. ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸಿ ಎರಡು ಮೂರು ದಿನ ನೆನೆಸಿ, ಆಮೇಲೆ ಬೇಯಿಸುತ್ತಾರೆ. ಕಹಿಯ ಜೊತೆ ಹಸಿ ಕಳಲೆಯ ವಿಷಾಂಶ ಹೋಗುವುದೂ ಹಾಗೆಯೇ.

ಅಪ್ಪೆಮಿಡಿ ಉಪ್ಪಿನಕಾಯಿ ಕೇಳಿದರೆ ಮಾತ್ರ ಬಡಿಸುತ್ತಾರೆ, ಕೇಳಿ. ಕಾಫಿ ಸಾಧಾರಣ.

ಕಛೇರಿ ಎಂಟೂವರೆ ದಾಟಿದರೆ ಕಡುಬು ಖಾಲಿ. ರಂಗಮಂದಿರಕ್ಕೆ ಹೊರಡುವ ಮುಂಚೆಯೇ ಎರಡು ಪ್ಲೇಟ್ ಎತ್ತಿಡಲು ಹೇಳಿ ಹೋಗಿ.